ಎದೆಮಟ್ಟದ ವಸುದೇವ

ನಮ್ಮ ಮನೆಯ ಗೋಕುಳದಲ್ಲಿ ಆಕಳು ಪೂತನಿಗಿಂತ ದೊಡ್ಡದಾಗಿತ್ತು. ಯಶೋದೆ ತನ್ನ ಮನೆಯ ಬಾಗಿಲಿಗಿಂತ ಎತ್ತರವಿದ್ದಳು. ಕೃಷ್ಣಾಷ್ಟಮಿಗೆ ಮರದ ಮಣೆಯ ಮೇಲೆ ಹಸಿಮಣ್ಣಿನ ಗೊಂಬೆಗಳನ್ನು ಮಾಡಿ, ಅದನ್ನೇ ಗೋಕುಳವೆಂದು ಪೂಜಿಸಿ, ಮರುದಿನ ನೀರಿಗೆ ಬಿಡುವುದು ನಮ್ಮ ಕಡೆಯ ಹಲವು ಮನೆಗಳ ಪದ್ಧತಿ. ಅಂಕೋಲೆಯ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಅದಕ್ಕೊಂದು ನಿಯಮವಿತ್ತು. ಮನೆಯಲ್ಲಿ ಉಣ್ಣುವವರೆಲ್ಲ ನಾದಿದ ಮಣ್ಣಿನ ಗುಡ್ಡೆಯಿಂದ ಒಂದೊಂದು ಹಿಡಿ ತೆಗೆದುಕೊಳ್ಳಬೇಕು. ಆ ಹಿಡಿಯಲ್ಲಿ ಒಂದು ಗೊಂಬೆ. ಮಣ್ಣು ಉಳಿಸುವಂತಿಲ್ಲ, ಮೇಲೆ ಸೇರಿಸುವಂತಿಲ್ಲ. ಹೀಗಾಗಿ ಗೊಂಬೆಯ ಗಾತ್ರವನ್ನು ಕಥೆ ನಿರ್ಧರಿಸುತ್ತಿರಲಿಲ್ಲ, ಮಾಡಿದವರ ಅಂಗೈ ನಿರ್ಧರಿಸುತ್ತಿತ್ತು. ಅಜ್ಜಿಯ ಕೈ ಸಣ್ಣದು. ಅವಳು ಮಾಡುವ ಪೂತನಿ ರಾಕ್ಷಸಿಯಂತೆ ಕಾಣದೆ ಮೂಲೆಯಲ್ಲಿ ಮುದುಡಿ ಕೂತ ಮುದುಕಿಯಂತೆ ಕಾಣುತ್ತಿದ್ದಳು. ಗದ್ದೆ ಕೆಲಸಕ್ಕೆ ಬಂದು ನಮ್ಮಲ್ಲೇ ಉಣ್ಣುತ್ತಿದ್ದ ಬೀರಣ್ಣನ ಕೈ ಮೊರದಷ್ಟಿತ್ತು. ಅವನ ಆಕಳು ಅರ್ಧ ಗೋಕುಳವನ್ನು ಆಕ್ರಮಿಸುತ್ತಿತ್ತು. ಅವ್ವ ಯಶೋದೆಯನ್ನು ಮಾಡುತ್ತಿದ್ದಳು, ಅಪ್ಪ ಹಮ್ಮಣ್ಣ ವಸುದೇವನನ್ನು. ಮನೆಯ ಅತಿ ಚಿಕ್ಕ ಕೈ ನನ್ನದಾದ್ದರಿಂದ ಕೃಷ್ಣ ನನ್ನ ಪಾಲಿಗೆ. ಅಪ್ಪನ ವಸುದೇವ ಎರಡೂ ಕೈಯೆತ್ತಿ ನಿಂತಿರುತ್ತಿದ್ದ. ಅಜ್ಜಿ ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಬುಟ್ಟಿಯನ್ನು ಅವನ ತಲೆಯ ಮೇಲಿಟ್ಟು, ನನ್ನ ಕೃಷ್ಣನನ್ನು ಅದರಲ್ಲಿ ಮಲಗಿಸಿದಾಗ ಗೋಕುಳ ಮುಗಿದಂತೆ.

ನಿಯಮದ ಇನ್ನೊಂದು ಭಾಗವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಬ್ಬರು ತೀರಿಕೊಂಡರೆ ಅವರ ಗೊಂಬೆಯನ್ನು ಬೇರೆಯವರು ಮಾಡುತ್ತಿರಲಿಲ್ಲ. ನಂದಗೋಪ ಅಜ್ಜನ ಪಾಲಿಗಿದ್ದ. ಅಜ್ಜ ಹೋದ ವರ್ಷದಿಂದ ನಮ್ಮ ಗೋಕುಳದಲ್ಲಿ ನಂದಗೋಪನಿಲ್ಲ. ನೆಂಟರು ಬಂದು ನೋಡಿ, ನಂದ ಎಲ್ಲಿ ಎಂದು ಕೇಳಿದರೆ ಅಜ್ಜಿ ಆ ಜಾಗದಲ್ಲಿ ಒಂದು ತುಳಸಿ ಎಲೆ ಇಡುತ್ತಿದ್ದಳು.

ಭೂಮಿಯ ಕರ ಕೊಡುವುದಿಲ್ಲ ಎಂದು ನಮ್ಮ ತಾಲೂಕಿನ ರೈತರು ನಿಂತ ವರ್ಷ ಅಪ್ಪನನ್ನು ಹಿಡಿದುಕೊಂಡು ಹೋದರು. ಗದ್ದೆ ಜಪ್ತಿಯಾಯಿತು, ಆಮೇಲೆ ಮನೆಗೆ ಬೀಗ ಬಿತ್ತು. ಬೀಗ ಹಾಕಲು ಬಂದವರು ಅಡುಗೆಯ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ ಒಯ್ಯಲು ಬಿಟ್ಟರು. ಅವ್ವ ಪಾತ್ರೆ ಕಟ್ಟುತ್ತಿದ್ದಾಗ ಅಜ್ಜಿ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗದ್ದೆಯ ಕಡೆಯಿಂದ ಬಂದಳು. ಅವಳ ಸೆರಗಿನಲ್ಲಿ ಒಣಗಿದ ಜೇಡಿಮಣ್ಣಿನ ಹೆಂಟೆ ಇತ್ತು. ಅದನ್ನೂ ಜಪ್ತಿ ಮಾಡಬೇಕೇ ಎಂದು ಬಂದವರಲ್ಲಿ ಒಬ್ಬ ನಕ್ಕ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾವು ಮೂವರು ಕಾರವಾರಕ್ಕೆ, ಹಬ್ಬುವಾಡದಲ್ಲಿದ್ದ ಅವ್ವನ ಅಣ್ಣನ ಮನೆಗೆ ಬಂದೆವು. ಇದು ಅಜ್ಜಿಗೆ ಸುಲಭದ ಮಾತಾಗಿರಲಿಲ್ಲ. ಸೊಸೆಯ ತವರಿನಲ್ಲಿ ದಿನಗಟ್ಟಲೆ ಉಣ್ಣುವುದನ್ನು ಅವಳ ಕಾಲದವರು ಒಪ್ಪುತ್ತಿರಲಿಲ್ಲ. ಆ ಮನೆಯವರು ಆಡುವ ಕೊಂಕಣಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತಾಗಲೆಲ್ಲ ಸಾಕು ಎನ್ನುತ್ತಿದ್ದಳು. ಮಾಮಿ ಕೇಳಿಸದವಳಂತೆ ಇನ್ನೊಂದು ಸೌಟು ಸುರಿಯುತ್ತಿದ್ದಳು. ಅಜ್ಜಿಯನ್ನು ಅವಳು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು.

"ಮಾವ್ಶಿ, ನಮ್ಮ ಮನೆ ಸಾರು ನಿಮಗೆ ಖಾರ ಆಯ್ತೇನು?"

"ಖಾರ ಅಲ್ಲ ಮಗಾ. ಹೊಟ್ಟೆ ಹಿಡೂದಿಲ್ಲ."

"ಮತ್ತೆ ಬಚ್ಚಲು ಕಡೆ ಕೂತು ಅವಲಕ್ಕಿ ತಿಂದಿದ್ದು ಯಾರ ಹೊಟ್ಟೆಗೆ?"

ಅಜ್ಜಿ ಆ ದಿನ ಎರಡು ಸಲ ಸಾರು ಹಾಕಿಸಿಕೊಂಡಳು. ಮಾಮಿಯ ಮಾತು ಹಾಗೆಯೇ, ಚುಚ್ಚಿ ಉಣ್ಣಿಸುವವಳು.

ಮಾಮ ಸರಕಾರಿ ಕಚೇರಿಯಲ್ಲಿ ನಕ್ಷೆಗಳನ್ನು ನಕಲು ಮಾಡುವ ಟ್ರೇಸರ್ ಆಗಿದ್ದ. ಸರಕಾರಕ್ಕೆ ಕರ ಕೊಡದೆ ಜೈಲಿಗೆ ಹೋದವನ ಹೆಂಡತಿ, ತಾಯಿ, ಮಗಳನ್ನು ಸರಕಾರಿ ನೌಕರ ಮನೆಯಲ್ಲಿಟ್ಟುಕೊಳ್ಳುವುದೆಂದರೆ ಏನು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಕಂಡದ್ದು ಇಷ್ಟೇ: ಮಾಮ ಸಂಜೆ ಬಂದವನೇ ಬೀದಿಬಾಗಿಲ ಕಡೆ ಒಮ್ಮೆ ನೋಡಿ ಅಂಗಿ ಕಳಚುತ್ತಿದ್ದ. ಆ ಭಯದ ಬಗ್ಗೆ ನಮಗೆ ಒಂದು ಮಾತೂ ಹೇಳಲಿಲ್ಲ, ಆ ವರ್ಷವೂ, ಆಮೇಲೆಯೂ.

ಅವನಿಗೆ ಒಂದು ವಸ್ತು ಇನ್ನೊಂದರ ಪಕ್ಕದಲ್ಲಿ ತಪ್ಪು ಗಾತ್ರದಲ್ಲಿರುವುದನ್ನು ನೋಡಿದರೆ ಆಗುತ್ತಿರಲಿಲ್ಲ. ನಡುಮನೆಯ ಗಾಜಿನ ಕಪಾಟಿನಲ್ಲಿ ಮುಂಬಯಿಯಿಂದ ತಂದ ಪ್ಲಾಸ್ಟರಿನ ಮೂರು ಅರ್ಧಪ್ರತಿಮೆಗಳಿದ್ದವು. ಕಿರೀಟದ ರಾಣಿ ನಿಂಬೆಹಣ್ಣಿನಷ್ಟು, ಗಡ್ಡದ ಸಂತ ತೆಂಗಿನಕಾಯಿಯಷ್ಟು, ಸ್ವರಾಜ್ಯ ಕೇಳಿದ ಪಗಡಿಯ ನಾಯಕ ನಡುವಿನ ಗಾತ್ರ. ಮಾಮ ಮರದ ತುಂಡುಗಳನ್ನು ಕೊಯ್ದು ಒಂದೊಂದರ ಕೆಳಗೆ ಒಂದೊಂದು ಎತ್ತರದ ಪೀಠವಿಟ್ಟು, ಮೂವರ ಕಣ್ಣುಗಳೂ ಒಂದೇ ಗೆರೆಗೆ ಬರುವಂತೆ ಮಾಡಿದ್ದ. ಕಚೇರಿಯವರು ಮನೆಗೆ ಬರುವ ದಿನ ನಾಯಕನನ್ನು ಸಂತನ ಹಿಂದೆ ಸರಿಸುತ್ತಿದ್ದ; ಸಂತನ ಬೆನ್ನು ಅಗಲವಾಗಿತ್ತು. ಅಜ್ಜಿ ಮೊದಲ ದಿನ ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು.

"ತಮಾ, ಇವರನ್ನ ಕಡಿದವರು ಯಾರು?"

"ಯಾರೂ ಕಡಿದಿಲ್ಲ ಅಮ್ಮಾ. ಇವು ಇರೋದೇ ಇಷ್ಟು. ಎದೆ ತನಕ ಮಾತ್ರ ಮಾಡ್ತಾರೆ."

"ಕಾಲು?"

"ಕಾಲು ಇದ್ದೇ ಇದೆ ಅಂತ ತಿಳಕೊಳ್ಳಬೇಕು."

ಅಜ್ಜಿ ಹಾಗೆ ತಿಳಿದುಕೊಳ್ಳಲಿಲ್ಲ. ಭಿನ್ನವಾದ ಮೂರ್ತಿಯ ಮುಂದೆ ದೀಪ ಹಚ್ಚಬಾರದೆಂಬುದು ಅವಳು ಕಲಿತದ್ದು. ಅಂದಿನಿಂದ ಪ್ರತಿ ಸಂಜೆ ದೀಪ ಹಚ್ಚುವ ಮುಂಚೆ ತನ್ನ ಹಳೆಯ ಸೀರೆಯ ತುಂಡನ್ನು ಕಪಾಟಿನ ಗಾಜಿಗೆ ಇಳಿಬಿಡುತ್ತಿದ್ದಳು. ಊಟದ ಹೊತ್ತಿಗೆ ಮಾಮ ಅದನ್ನು ಮಡಿಸಿ ಅವಳ ಹಾಸಿಗೆಯ ಮೇಲಿಡುತ್ತಿದ್ದ.

ಶ್ರಾವಣ ಬಂತು. ಮಾಮಿಯ ಮನೆಯಲ್ಲೂ ಗೋಕುಳವಿತ್ತು. ಅದಕ್ಕೆ ಪೇಟೆಯಿಂದ ತಂದ ಅಚ್ಚಿನ ಗೊಂಬೆಗಳು, ಎಲ್ಲ ಒಂದೇ ಗೇಣು, ಎಲ್ಲರ ಕೆನ್ನೆಗೂ ಒಂದೇ ಗುಲಾಬಿ ಬಣ್ಣ. ಅವ್ವ ಒಂದು ಬೆಳಿಗ್ಗೆ ನುಗ್ಗೆಸೊಪ್ಪು ಬಿಡಿಸುತ್ತ, ನಮ್ಮದೂ ಒಂದು ಮಣೆ ಪಕ್ಕದಲ್ಲಿ ಇಡಲೇ ಎಂದು ಮಾಮಿಯನ್ನು ಕೇಳಿದಳು. ಮಾಮಿ, ಮಣೆ ಬೇಕಾದರೆ ಅಟ್ಟದ ಮೇಲಿದೆ ಎಂದಳು. ಅಜ್ಜಿ ಹೆಂಟೆಯನ್ನು ಹೊರತೆಗೆದು ನೀರಿನಲ್ಲಿ ನೆನೆಹಾಕಿದಳು. ಕಾರವಾರದ ಹಿತ್ತಲಿನ ಮಣ್ಣಿನಲ್ಲಿ ಮರಳೇ ಹೆಚ್ಚು, ಗೊಂಬೆಗೆ ನಿಲ್ಲುವುದಿಲ್ಲ. ಇದ್ದದ್ದು ಆ ಹೆಂಟೆ ಮಾತ್ರ. ಅದು ನೆನೆಯುತ್ತಿದ್ದಾಗ ಅವ್ವನಿಗೂ ಅಜ್ಜಿಗೂ ಮಾತು ಬೆಳೆಯಿತು.

"ವಸುದೇವನ್ನ ನಾ ಮಾಡ್ತೆ ಅತ್ತೆ."

"ನೀ ಯಂತಕೆ ಮಾಡೂದು? ಅದು ಅವನ ಹಿಡಿ."

"ಅವರು ಇಲ್ಲಲ."

"ಇಲ್ಲ ಅಂದ್ರೆ? ಈಗ್ಲೂ ಇದೇ ಊರಲ್ಲಿ ಇದ್ದ. ಉಸಿರಾಡ್ತಾ ಇದ್ದ."

"ಹಂಗಂದ್ರೆ ಬಿಟ್ಟುಬಿಡೂದಾ?"

ಅಜ್ಜಿ ನೀರಿನಿಂದ ಕೈ ತೆಗೆದಳು. ಬಿಡುವುದೆಂದರೆ ಏನರ್ಥ ಎಂದು ಆ ಮನೆಯಲ್ಲಿ ನಮ್ಮ ಮೂವರಿಗೂ ಗೊತ್ತಿತ್ತು. ನನಗೆ ಕಣ್ಣೆದುರು ಬಂದದ್ದು ತುಳಸಿ ಎಲೆ.

ಅಪ್ಪ ಇನ್ನೂ ಕಾರವಾರದ ಜೈಲಿನಲ್ಲೇ ಇದ್ದ. ಬೆಳಗಾವಿಯ ಕಡೆಗೆ ಸಾಗಿಸುತ್ತಾರೆಂಬ ಸುದ್ದಿ ಆಗಲೇ ಇತ್ತು. ಅಷ್ಟಮಿಯ ಹಿಂದಿನ ದಿನ ಅವ್ವ ಒಂದು ದೊಡ್ಡ ಹಿಡಿಗಿಂತ ಹೆಚ್ಚೇ ಇರುವಷ್ಟು ಮಣ್ಣನ್ನು ಬಾಳೆಎಲೆಯಲ್ಲಿ ಸುತ್ತಿದಳು. ಮಾಮಿ ಅದರ ಜೊತೆ ಅವಲಕ್ಕಿಯ ಪೊಟ್ಟಣ ಇಟ್ಟಳು. ಮಾಮ ಅಂದು ಕಚೇರಿಗೆ ಹೋಗುವ ದಾರಿ ಬಿಟ್ಟು ನಮ್ಮ ಜೊತೆ ಬಂದ. ಜೈಲಿನ ಗೋಡೆ ಕಾಣುವ ತಿರುವಿನವರೆಗೆ ಬಂದು ಅಲ್ಲಿ ನಿಂತ. ಮುಖ ಕಾಣದಂತೆ ಕೊಡೆಯನ್ನು ಬೀದಿಯ ಕಡೆಗೆ ವಾಲಿಸಿ ಹಿಡಿದಿದ್ದ. ನಾವು ಹಿಂತಿರುಗುವವರೆಗೆ ಹಾಗೆಯೇ ನಿಂತಿದ್ದ. ಅವನ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಬಾಗಿಲಲ್ಲಿ ಇದ್ದ ಜವಾನ ಎಲೆ ಬಿಚ್ಚಿ ಮಣ್ಣಿಗೆ ಕಡ್ಡಿ ಚುಚ್ಚಿ ನೋಡಿದ.

"ಇದು ಯಂತಾ?"

"ಮಣ್ಣು. ಗೋಕುಳಕ್ಕೆ. ಅವರು ಒಂದು ಹಿಡಿ ಹಿಡಿದು ಕೊಡ್ಬೇಕು, ಅಷ್ಟೇ."

"ಯಾರ ಗೊಂಬೆ?"

"ವಸುದೇವ."

ಅವನು ಕಡ್ಡಿಯನ್ನು ಎಸೆದ. ತನ್ನ ಮನೆ ಚಿತ್ತಾಕುಲದಲ್ಲೆಂದೂ ಅಲ್ಲಿ ಪೂತನಿಯನ್ನು ತಾನೇ ಮಾಡುವುದೆಂದೂ ಹೇಳಿದ. ಅಪ್ಪನನ್ನು ಕಂಬಿಯ ಆಚೆ ಸ್ವಲ್ಪ ಹೊತ್ತು ನೋಡಿದೆವು. ಅವನ ಗಡ್ಡ ಬೆಳೆದಿತ್ತು. ನಾನು ಎತ್ತರವಾಗಿದ್ದೇನೆ ಎಂದ. ಮಣ್ಣನ್ನು ಒಳಗೆ ಕೊಟ್ಟು, ಮಧ್ಯಾಹ್ನ ಬಂದು ಒಯ್ಯಲು ಜವಾನ ಹೇಳಿದ. ಮಧ್ಯಾಹ್ನ ಅವ್ವ ಒಬ್ಬಳೇ ಹೋಗಿ ಎಲೆಯ ಪೊಟ್ಟಣ ತಂದಳು.

ಬಿಚ್ಚಿದಾಗ ಅಜ್ಜಿಯೂ ನಾನೂ ಬಗ್ಗಿ ನೋಡಿದೆವು. ಮಣ್ಣಿನ ಮೇಲೆ ನಾಲ್ಕು ಬೆರಳಿನ ಗುರುತು ಸ್ಪಷ್ಟವಾಗಿತ್ತು. ಆದರೆ ಅದು ಅಪ್ಪನ ಹಿಡಿಯಾಗಿರಲಿಲ್ಲ. ಅದರ ಅರ್ಧವೂ ಇರಲಿಲ್ಲ. ಅಪ್ಪನ ಹಿಡಿ ಹೇಗಿರುತ್ತದೆಂದು ನಮಗೆ ಗೊತ್ತಿತ್ತು. ಅವ್ವ ಅದನ್ನು ಅಂಗೈಯಲ್ಲಿಟ್ಟು ತೂಗಿದಳು, ಇನ್ನೊಂದು ಅಂಗೈಗೆ ಬದಲಿಸಿದಳು. ಜೈಲಿನವರು ಕಿತ್ತುಕೊಂಡರೇ ಎಂದು ಮಾಮಿ ಕೇಳಿದಳು.

ಮರುದಿನ ಊಟಕ್ಕೆ ಮುಂಚೆ ಗೊಂಬೆಗಳನ್ನು ಮಾಡಲು ಕೂತೆವು. ಬೀರಣ್ಣ ಇಲ್ಲದ್ದರಿಂದ ಅವನ ಹೆಸರಲ್ಲಿ ಅಜ್ಜಿ ಆಕಳ ಕೊಂಬು ಮಾತ್ರ ಮಾಡಿ ಮಣೆಯ ಅಂಚಿಗೆ ಇಟ್ಟಳು. ಊರಿಗೆ ಹೋದ ಮೇಲೆ ಉಳಿದದ್ದನ್ನು ಅವನೇ ಮಾಡಲಿ ಎಂದಳು. ನನ್ನ ಕೈ ಬೆಳೆದಿತ್ತು, ಕೃಷ್ಣ ಹಿಂದಿನ ವರ್ಷಕ್ಕಿಂತ ಭಾರವಾಗಿದ್ದ. ಅವ್ವ ಅಪ್ಪನ ಮಣ್ಣಿನಲ್ಲಿ ತಲೆಯಿಂದ ಪಾದದವರೆಗೆ ಇರುವ ವಸುದೇವನನ್ನು ಮಾಡಿದಳು. ಅವನು ಅವಳ ಕಿರುಬೆರಳಿಗಿಂತ ತುಸು ಎತ್ತರ. ಬುಟ್ಟಿಯಲ್ಲಿ ಕೃಷ್ಣನನ್ನಿಟ್ಟು ಅವನ ತಲೆಯ ಮೇಲಿಟ್ಟಾಗ ಮೊಣಕಾಲು ಕುಸಿಯಿತು, ವಸುದೇವ ಮುಂದಕ್ಕೆ ಬಿದ್ದ. ಮತ್ತೊಮ್ಮೆ ದಪ್ಪ ಕಾಲು ಮಾಡಿದಳು. ಆಗ ಕೈಗಳಿಗೆ ಮಣ್ಣು ಸಾಲಲಿಲ್ಲ.

"ನನ್ನ ಕೃಷ್ಣನ್ನ ಸಣ್ಣ ಮಾಡ್ತೆ," ಎಂದೆ.

"ಬೇಡ," ಎಂದಳು ಅವ್ವ. "ನಿನ್ನ ಹಿಡಿ ನಿನ್ನದು."

ಅವಳು ಗೊಂಬೆಯನ್ನು ಮುದ್ದೆ ಮಾಡಿ ಮತ್ತೆ ನಾದಿದಳು. ಈ ಸಲ ತಲೆ, ಗಡ್ಡ, ಅಗಲವಾದ ಭುಜ, ಎತ್ತಿದ ಎರಡು ಕೈ ಮಾಡಿದಳು. ಎದೆಯವರೆಗೆ ಬಂದಾಗ ಮಣ್ಣು ಮುಗಿಯಿತು. ತಲೆ ಅಪ್ಪ ಮಾಡುತ್ತಿದ್ದ ವಸುದೇವನ ತಲೆಯಷ್ಟೇ ಇತ್ತು. ಬುಟ್ಟಿ ಕೂತಿತು, ಕೃಷ್ಣ ಮಲಗಿದ, ಭುಜ ಅಲುಗಲಿಲ್ಲ.

"ಇದನ್ನ ಮಣೆ ಮೇಲೆ ಇಡೂಕಾಗೂದಿಲ್ಲ," ಎಂದಳು ಅಜ್ಜಿ. "ಕಾಲಿಲ್ಲ. ಭಿನ್ನ."

"ಕಾಲಿದ್ರೆ ಮಗು ಹೊರೂಕಾಗೂದಿಲ್ಲ ಅತ್ತೆ. ಕಂಡ್ಯಲ್ಲ."

"ಸಣ್ಣದಾದ್ರೂ ಪೂರ್ತಿ ಇರ್ಲಿ. ಕೃಷ್ಣ ನೆಲದ ಮೇಲೆ ಮಲಗ್ಲಿ."

"ಅವರು ಸಣ್ಣವರಲ್ಲ."

ಅವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ದನಿ ಏರಿರಲಿಲ್ಲ. ಅಜ್ಜಿ ಮುಖ ತಿರುಗಿಸಿ ಕಪಾಟಿನ ಕಡೆ ನೋಡಿದಳು, ಅಲ್ಲಿ ಮೂರು ತಲೆಗಳು ಒಂದೇ ಗೆರೆಯಲ್ಲಿ ಅವಳನ್ನು ನೋಡುತ್ತಿದ್ದವು. ಅವಳಿಗೆ ಅಳು ಬಂತು. ಮಗನನ್ನು ಅರ್ಧ ಮಾಡಿ ದೀಪದ ಮುಂದೆ ಇಡಲಾರಳು. ಮಾಡದೆ ಬಿಡಲೂ ಆರಳು. ಮಾಮಿ ಒಲೆಯ ಮುಂದಿನಿಂದ ಎದ್ದು ಬಂದು, ತನ್ನ ಅಚ್ಚಿನ ವಸುದೇವನನ್ನು ತೆಗೆದು ಕೊಡಲೇ ಎಂದು ಕೇಳಿದಳು. ಅಜ್ಜಿ ತಲೆಯಾಡಿಸಿದಳು.

ಮಾಮ ಅಷ್ಟು ಹೊತ್ತು ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ. ಒಳಗೆ ಹೋದ. ಸುರುಳಿ ಸುತ್ತಿದ ಒಂದು ಕಾಗದ ಹಿಡಿದು ಬಂದ. ಅದು ನೀಲಿ ಬಣ್ಣದ ನಕ್ಷೆಯ ಪ್ರತಿ. ಕಾಳಿ ನದಿಯ ದಡದಲ್ಲಿ ದೋಣಿಗಳು ನಿಲ್ಲುವ ಜಾಗದ್ದು, ಅಚ್ಚು ಸರಿದುಹೋಗಿ ಕಚೇರಿಯಲ್ಲಿ ಬಿಸಾಡಿದ್ದು. ನೀಲಿಯ ಮೇಲೆ ಬಿಳಿ ಗೆರೆಗಳು ಅಲೆಅಲೆಯಾಗಿದ್ದವು. ನಡುನಡುವೆ ಅಂಕಿಗಳಿದ್ದವು. ಮಾಮ ಕಾಗದವನ್ನು ಮಣೆಯ ಮೇಲೆ ಹಾಸಿದ.

"ಇದು ಹೊಳೆ ಅಮ್ಮಾ. ವಸುದೇವ ಹೊಳೆಯಲ್ಲೇ ಅಲ್ಲವೇ ಹೋಗೋದು?"

ಅಜ್ಜಿ ಮೂಗು ಒರೆಸಿಕೊಂಡು ಕಾಗದ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಈ ಅಂಕಿ ಯಂತಾ?"

"ನೀರಿನ ಆಳ. ಹಗ್ಗ ಇಳಿಬಿಟ್ಟು ಅಳೆದದ್ದು."

"ಖರೇ ಅಳೆದದ್ದಾ?"

"ಖರೇ."

"ಇಲ್ಲಿ ಎಷ್ಟು?" ಎಂದು ಅವಳು ಒಂದು ಕಡೆ ಬೆರಳಿಟ್ಟಳು.

"ಅಲ್ಲಿ ಬೇಡ, ಅಲ್ಲಿ ಆಳು ಮುಳುಗ್ತಾನೆ," ಎಂದ ಮಾಮ. ಅವನ ಬೆರಳು ದಡದ ಕಡೆಗೆ ಸರಿಯುತ್ತ ಬಂತು. ಅವನು ನಿಜವಾಗಿಯೂ ಹುಡುಕುತ್ತಿದ್ದ. "ಇಲ್ಲಿ ನಾಲ್ಕೂವರೆ ಅಡಿ."

ಅಜ್ಜಿ ಎದ್ದು ನಿಂತಳು. ನೆಲದಿಂದ ಅಷ್ಟು ಎತ್ತರ ಎಷ್ಟು ಎಂದು ಕೇಳಿದಳು. ಮಾಮ ತನ್ನ ಕೈಯಿಂದ ತೋರಿಸಿದ. ಅಜ್ಜಿ ಗಾಳಿಯಲ್ಲಿ ಮಗನನ್ನು ನಿಲ್ಲಿಸಿಕೊಂಡವಳಂತೆ ಆ ಕೈಯ ಪಕ್ಕದಲ್ಲಿ ತನ್ನ ಕೈ ಹಿಡಿದಳು.

"ಹಮ್ಮಣ್ಣನಿಗೆ ಎದೆಮಟ್ಟ," ಎಂದಳು. "ಹಂಗಾದ್ರೆ ಕಾಲು ಕಾಣೂದಿಲ್ಲ. ಸರಿ. ಇಡು ಮಗಾ."

ಮಾಮ ಆ ಅಂಕಿಯ ಜಾಗವನ್ನು ಚಾಕುವಿನಿಂದ ಗುಂಡಗೆ ಕತ್ತರಿಸಿದ. ಅವ್ವ ಆ ತೂತಿನಲ್ಲಿ ವಸುದೇವನನ್ನು ಕೂರಿಸಿದಳು. ನೀಲಿ ಕಾಗದ ಅವನ ಎದೆಯ ಸುತ್ತ ನೀರಿನಂತೆ ಬಂದು ನಿಂತಿತು. ಪಕ್ಕದ ಮಣೆಯಲ್ಲಿ ಮಾಮಿಯ ಒಂದೇ ಗೇಣಿನ ಗೊಂಬೆಗಳು, ಇಲ್ಲಿ ತಲೆಯೊಂದೇ ಯಶೋದೆಯ ನಡುವಿನಷ್ಟು ದಪ್ಪವಿದ್ದ ಒಬ್ಬ ಗಡ್ಡದವನು. ಅವ್ವ, ಗುಡ್ಡೆಯಲ್ಲಿ ಒಂದು ಚಿಟಿಕೆ ಮಣ್ಣು ಉಳಿದಿದೆ, ನೀನೂ ಹಿಡಿ ದಾದಾ ಎಂದಾಗ ಮಾಮ ಕೈ ಹಿಂದಕ್ಕೆ ತೆಗೆದುಕೊಂಡ. ತಾನು ಆ ಮನೆಯವನಲ್ಲ ಎಂದ. ಅದು ಒಂದು ಕಾರಣ. ಇನ್ನೊಂದನ್ನು ನಾನು ಈಗ ಊಹಿಸಬಲ್ಲೆ: ಅದು ಸರಕಾರದ ಸಂಬಳ ಪಡೆಯುವ ಕೈ, ಮಣ್ಣು ಸರಕಾರ ಜಪ್ತಿ ಮಾಡಿದ ಗದ್ದೆಯದು. ಸಂಜೆ ಅಜ್ಜಿ ದೀಪ ಹಚ್ಚಿದಳು. ಆ ದಿನ ಕಪಾಟಿಗೆ ಸೀರೆಯ ತುಂಡು ಇಳಿಬಿಡಲಿಲ್ಲ. ಮರೆತಳೋ ಬೇಡವೆನಿಸಿತೋ ಗೊತ್ತಿಲ್ಲ.

ಅಪ್ಪ ಬಿಡುಗಡೆಯಾಗಿ ಬಂದದ್ದು ಮುಂದಿನ ವರ್ಷ. ಮಣ್ಣಿನ ವಿಷಯವನ್ನು ಅಜ್ಜಿಯೇ ಮೊದಲು ಕೇಳಿದಳು. ಅಪ್ಪ ನಾಚಿದವನಂತೆ ನಕ್ಕ.

"ಕೋಣೆಯಲ್ಲಿದ್ದವರೆಲ್ಲ ನಮ್ಮ ಕಡೆಯ ರೈತರೇ ಅವ್ವಾ. ಗದ್ದೆ ಮಣ್ಣು ಅಂದಕೂಡ್ಲೆ ಎಲ್ಲ ಕೈ ಚಾಚಿದ್ರು. ಮೊದ್ಲು ಮೂಸಿದ್ರು. ಆಮೇಲೆ ಒಬ್ಬೊಬ್ಬರಿಗೆ ಉಗುರಷ್ಟು ಕೊಟ್ಟೆ. ಕಿಟಕಿ ಕಟ್ಟೆ ಮೇಲೆ ಅವರೂ ಗೋಕುಳ ಮಾಡಿದ್ರು. ನಿಮ್ಗೆ ಕಳ್ಸಿದ್ದು ಉಳ್ದದ್ದು."

"ಅವರ ಹೆಸ್ರೆಂತಾ?"

ಅಪ್ಪ ಕೆಲವು ಹೆಸರು ಹೇಳಿದ. ಕೆಲವು ಅವನಿಗೂ ಗೊತ್ತಿರಲಿಲ್ಲ.

ಹಬ್ಬುವಾಡದ ಆ ಮನೆಯಲ್ಲಿ ನಾವು ಇನ್ನೂ ಕೆಲವು ವರ್ಷ ಇದ್ದೆವು. ಅಪ್ಪ ಬಂದರಿನಲ್ಲಿ ಮರದ ದಿಮ್ಮಿ ಹೊರುವ ಕೂಲಿಗೆ ಹೋಗುತ್ತಿದ್ದ. ನನ್ನನ್ನು ಶಾಲೆಗೆ ಸೇರಿಸಿದವನು ಮಾಮ. ಗೆರೆ ನೇರ ಎಳೆಯುವುದನ್ನೂ, ಕಂಡದ್ದನ್ನು ಕಂಡಷ್ಟೇ ಬರೆಯುವುದನ್ನೂ ಕಲಿಸಿದವನು ಅವನು. ಮುಂದೆ ಬಹುಕಾಲ ಪತ್ರಿಕೆಯ ಮೇಜಿನಲ್ಲಿ, ಯಾವ ಸುದ್ದಿಗೆ ಎಷ್ಟು ಜಾಗ ಎಂದು ಅಳೆಯುವುದೇ ನನ್ನ ಕೆಲಸವಾಯಿತು. ದೊಡ್ಡವರ ಭಾವಚಿತ್ರಗಳು ಎದೆಯವರೆಗೆ ಕತ್ತರಿಸಿದ ಅಚ್ಚುಗಳಾಗಿ ಬರುತ್ತಿದ್ದವು. ಹೆಸರಿಲ್ಲದವರು ಗುಂಪಿನ ಚಿತ್ರದಲ್ಲಿ ಉಗುರಷ್ಟಾಗಿ ಬರುತ್ತಿದ್ದರು. ಅಳತೆ ತಪ್ಪಬಾರದೆಂದು ಕಲಿಸಿದ ಮಾಮನನ್ನೂ, ಅಳತೆ ಯಾರ ಕೈಯದು ಎಂದು ಕೇಳುವಂತೆ ಮಾಡಿದ ಅಜ್ಜಿಯನ್ನೂ ಆ ಮೇಜಿನಲ್ಲಿ ದಿನವೂ ನೆನೆದಿದ್ದೇನೆ. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ನಾನು ಆ ಕೆಲಸವನ್ನು ಅರ್ಧವಷ್ಟೇ ಮಾಡುತ್ತಿದ್ದೆ.

ಆಮೇಲೆ ಗದ್ದೆ ಹಿಂದಿರುಗಿ ಬಂತು, ಮನೆಯ ಬೀಗ ತೆರೆಯಿತು. ಅಂಕೋಲೆಯಲ್ಲಿ ನಮ್ಮ ಮೊದಲ ಅಷ್ಟಮಿಗೆ ಮಾಮ, ಮಾಮಿ ಬಂದರು. ಮಾಮನ ಬಗಲಲ್ಲಿ ನೀಲಿ ಕಾಗದದ ಸುರುಳಿ ಇತ್ತು. ಬೀರಣ್ಣ ತನ್ನ ಆಕಳನ್ನು ಮಾಡಿ ಮುಗಿಸಿದ್ದ. ಅದು ಎಂದಿನಂತೆ ಮಣೆಯ ಅಂಚು ದಾಟಿತ್ತು. ಅಪ್ಪ ತನ್ನ ತುಂಬು ಹಿಡಿಯ ಮಣ್ಣಿನಲ್ಲಿ ವಸುದೇವನ ಎದೆಯವರೆಗೆ ಬಂದು, ಕಾಲು ತಿದ್ದಲು ಶುರು ಮಾಡಿದಾಗ ಅಜ್ಜಿ ಅವನ ಕೈ ಹಿಡಿದಳು.

"ಕಾಲು ಬೇಡ. ಅಂವ ನೀರಲ್ಲೇ ಇರ್ಲಿ."

ಕಾಲಿಗೆಂದು ಉಳಿದ ಮಣ್ಣನ್ನು ಅವಳು ತೆಗೆದುಕೊಂಡಳು. ಉಗುರಿನಷ್ಟು ಉಗುರಿನಷ್ಟು ಚಿವುಟಿ, ಹೊಳೆಯ ದಡದುದ್ದಕ್ಕೂ ನಿಲ್ಲಿಸುತ್ತ ಹೋದಳು. ಹೆಸರು ಗೊತ್ತಿದ್ದವರ ಹೆಸರು ಹೇಳಿದಳು. ಗೊತ್ತಿಲ್ಲದವರಿಗೆ, ಇಂವ ಒಬ್ಬ, ಇಂವ ಒಬ್ಬ ಎಂದಳು. ಮಾಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಸರಿಪಡಿಸಿಕೊಂಡು, ಬೃಹತ್ತಾದ ತಲೆಯನ್ನೂ ಜೋಳದ ಕಾಳಿನಂಥ ಜನರನ್ನೂ ಬಹಳ ಹೊತ್ತು ನೋಡಿದ.

"ಇದಕ್ಕೆ ಸ್ಕೇಲ್ ಯಾವುದು ಅಮ್ಮಾ?"

"ಮಣ್ಣು ಇದ್ದಷ್ಟು," ಎಂದಳು ಅಜ್ಜಿ, ತಲೆಯೆತ್ತದೆ.

ಮಾಮ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದ. ಗುಡ್ಡೆಯ ಕಡೆಗೆ ಕೈ ಚಾಚಿ ಒಂದು ಹಿಡಿ ತೆಗೆದುಕೊಂಡ. ಏನು ಮಾಡಲಿ ಎಂದು ಕೇಳಿದ. ಅಜ್ಜಿ ಮಣೆಯ ಮೇಲೆ ತುಳಸಿ ಎಲೆ ಇಟ್ಟಿದ್ದ ಜಾಗವನ್ನು ನೋಡಿದಳು. ಎಲೆಯನ್ನು ಮೆಲ್ಲನೆ ಎತ್ತಿ ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

"ನಂದಗೋಪನ್ನ ಮಾಡು ತಮಾ," ಎಂದಳು. "ಮಕ್ಳನ್ನ ಇಟ್ಕೊಂಡು ಸಾಕಿದಂವ ಅವನೇ ಅಲ್ಲನಾ."